ಎರಡು ಸೋಪು, ಆರು ದಿನ ರಜೆ

ಸ್ಟುಡಿಯೋದಲ್ಲಿ ಕೂತು ಯುದ್ಧ ಮಾಡೋದು ಬಹಳ ಸುಲಭ ಸ್ವಾಮಿ. ನಾನೇ ಮಾಡಿದ್ದೀನಿ. ಹಿಂದೆ ಗ್ರಾಫಿಕ್ಸ್‌ನಲ್ಲಿ ಟ್ಯಾಂಕು ಓಡುತ್ತೆ, ಮೇಲೆ ಫೈಟರ್ ಜೆಟ್ ಹಾರುತ್ತೆ, ಕಂಟ್ರೋಲ್ ರೂಮಿನ ಹುಡುಗ ಸೈರನ್ ಒತ್ತುತ್ತಾನೆ, ನಾನು ದನಿ ಏರಿಸ್ತೀನಿ. ಬ್ರೇಕ್ ಬರುತ್ತೆ, ಟೀ ಕುಡೀತೀನಿ. ಯಾರಿಗೂ ಏನೂ ಆಗಿರೋದಿಲ್ಲ.

ಅಂಥದ್ದೇ ಒಂದು ರಾತ್ರಿ ಮನೆಗೆ ಹೋದವನು ನಿದ್ದೆ ಬಾರದೆ ಒಂದು ಹಳೇ ಕಪ್ಪು-ಬಿಳುಪು ರಷ್ಯನ್ ಸಿನಿಮಾ ಹಾಕಿಕೊಂಡು ಕೂತೆ. 1959ರದ್ದು, ‘ಬ್ಯಾಲಡ್ ಆಫ್ ಎ ಸೋಲ್ಜರ್’. ಅವತ್ತಿನಿಂದ ಯಾರಾದರೂ ‘ಒಳ್ಳೇ ವಾರ್ ಸಿನಿಮಾ ಹೇಳಿ ಸಾರ್’ ಅಂದರೆ ಹೊಸದ್ಯಾವುದನ್ನೂ ಹೇಳೋದಿಲ್ಲ. ಸೋವಿಯತ್ ಕಾಲದ ಹಳೆಯದನ್ನೇ ಹೇಳ್ತೀನಿ. ಯಾಕೆ ಅಂತ ಕೇಳಿ.

ಅಲ್ಯೋಷಾ ಅಂತ ಹತ್ತೊಂಬತ್ತು ವರ್ಷದ ಹುಡುಗ. ಟ್ಯಾಂಕು ಅಟ್ಟಿಸಿಕೊಂಡು ಬರುತ್ತೆ. ಹೀರೋ ಥರ ಎದೆ ಸೆಟೆಸಿ ನಿಲ್ಲೋದಿಲ್ಲ ಅವನು. ಜೀವ ಕೈಯಲ್ಲಿ ಹಿಡಿದು ಓಡ್ತಾನೆ. ಓಡೋಕೆ ಜಾಗವಿಲ್ಲದಾದಾಗ ಕೈಗೆ ಸಿಕ್ಕ ಬಂದೂಕಿನಿಂದ ಹೊಡೀತಾನೆ, ಎರಡು ಟ್ಯಾಂಕು ಹಾಳಾಗ್ತವೆ. ಜನರಲ್ ಮುಂದೆ ‘ಹೆದರಿಕೆ ಆಗಿತ್ತು’ ಅಂತ ಒಪ್ಪಿಕೊಳ್ಳೋಕೂ ಅವನಿಗೆ ನಾಚಿಕೆಯಿಲ್ಲ. ಪದಕದ ಬದಲು ಒಂದು ಸಲ ಊರಿಗೆ ಕಳಿಸಿ, ಅಮ್ಮನ ಮನೆ ಸೂರು ಸೋರ್ತಾ ಇದೆಯಂತೆ ಅಂತ ಕೇಳ್ತಾನೆ. ಹೋಗೋಕೆ ಎರಡು ದಿನ, ಬರೋಕೆ ಎರಡು ದಿನ, ಸೂರು ರಿಪೇರಿಗೆ ಎರಡು ದಿನ. ಒಟ್ಟು ಆರು ದಿನ ರಜೆ. ಸಿನಿಮಾದಲ್ಲಿ ಯುದ್ಧ ಅಂತ ಇರೋದು ಹೆಚ್ಚುಕಮ್ಮಿ ಇಷ್ಟೇ. ಮಿಕ್ಕಿದ್ದೆಲ್ಲ ರೈಲು ಪ್ರಯಾಣ.

ದಾರಿಯಲ್ಲಿ ಸಿಕ್ಕ ಸೈನಿಕನೊಬ್ಬ, ನನ್ನ ಹೆಂಡತಿಗೆ ಏನಾದರೂ ತಲುಪಿಸಪ್ಪ ಅಂತಾನೆ. ಕೊಡೋಕೆ ಏನಿದೆ? ಸೋಪು. ಇಡೀ ತುಕಡಿಯ ಪಾಲಿಗೆ ಬಂದಿದ್ದೇ ಎರಡು ಸೋಪು, ಅದನ್ನೇ ಕೊಟ್ಟು ಕಳಿಸ್ತಾರೆ. ಹುಡುಗ ಹುಡುಕಿಕೊಂಡು ಹೋದರೆ ಆಕೆ ಬೇರೊಬ್ಬನ ಜೊತೆ ಇದ್ದಾಳೆ. ಸೋಪು ಕೊಟ್ಟು ಮೆಟ್ಟಿಲಿಳಿದವನು ತಿರುಗಿ ಹತ್ತಿ ಹೋಗಿ, ಅದನ್ನ ವಾಪಸ್ ಇಸ್ಕೊಂಡು, ಸೈನಿಕನ ಮುದಿ ತಂದೆಗೆ ತಲುಪಿಸ್ತಾನೆ. ಹೀಗೆ ದಾರಿಯಲ್ಲಿ ಸಿಕ್ಕವರಿಗೆಲ್ಲ ಹಂಚಿ ಹಂಚಿ ರಜೆ ಖರ್ಚಾಗುತ್ತೆ. ಅಮ್ಮನ ಪಾಲಿಗೆ ಉಳಿಯೋದು ಕೆಲವೇ ನಿಮಿಷ. ಇವನು ಯುದ್ಧದಿಂದ ವಾಪಸ್ ಬರೋದಿಲ್ಲ ಅಂತ ಸಿನಿಮಾ ನಮಗೆ ಶುರುವಿನಲ್ಲೇ ಹೇಳಿಬಿಟ್ಟಿದೆ.

ಇದನ್ನ ತೆಗೆದ ಗ್ರಿಗೊರಿ ಚುಖ್ರಾಯ್ ಸ್ವತಃ ಪ್ಯಾರಾಟ್ರೂಪರ್. ಸ್ಟಾಲಿನ್‌ಗ್ರಾಡ್‌ನಲ್ಲಿ ಹೋರಾಡಿದವನು. 1972ರಲ್ಲಿ ‘ದಿ ಡಾನ್ಸ್ ಹಿಯರ್ ಆರ್ ಕ್ವಯಟ್’ ತೆಗೆದ ರೊಸ್ತೋತ್ಸ್ಕಿ ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡವನು. ಆ ದೇಶದಲ್ಲಿ ಸತ್ತವರು ಸುಮಾರು 2 ಕೋಟಿ 70 ಲಕ್ಷ ಜನ. ಅಂದರೆ ಟಾಕೀಸಿನಲ್ಲಿ ಕೂತವರಲ್ಲಿ ಮನೆಯಲ್ಲಿ ಸಾವು ಕಾಣದವರು ಅಪರೂಪ. ಅವರ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಳ್ಳೋದು ಹೇಗೆ?

ಹೋಲಿಕೆ ಒಂದೇ ಮನೆಯಲ್ಲಿ ಸಿಗುತ್ತೆ ನೋಡಿ. ಅಪ್ಪ ಸೆರ್ಗೈ ಬೊಂದಾರ್ಚುಕ್, 1959ರಲ್ಲಿ ‘ಫೇಟ್ ಆಫ್ ಎ ಮ್ಯಾನ್’ ತೆಗೆದು ತಾನೇ ನಟಿಸಿದ. ಅದರಲ್ಲಿ ಜರ್ಮನ್ ಕ್ಯಾಂಪಿನ ಅಧಿಕಾರಿ, ಗುಂಡು ಹೊಡೆಯೋ ಮುಂಚೆ ಕೈದಿಗೆ ವೋಡ್ಕಾ ಕೊಡ್ತಾನೆ. ಹಸಿದು ಬೆಂಡಾದ ಕೈದಿ ಮೂರು ಗ್ಲಾಸ್ ಇಳಿಸ್ತಾನೆ. ಮೊದಲೆರಡು ಗ್ಲಾಸಿಗೆ ಎದುರಿಗಿರೋ ಬ್ರೆಡ್ಡು ಮುಟ್ಟೋದೇ ಇಲ್ಲ. ಒಂದು ಗುಂಡೂ ಹಾರದ ದೃಶ್ಯ. ನೋಡೋವಾಗ ನನ್ನ ಗಂಟಲು ಒಣಗಿತ್ತು. ಮಗ ಫ್ಯೋದರ್ 2013ರಲ್ಲಿ ‘ಸ್ಟಾಲಿನ್‌ಗ್ರಾಡ್’ ತೆಗೆದ. ಐಮ್ಯಾಕ್ಸ್, ತ್ರೀ-ಡಿ. ಮೈಗೆ ಬೆಂಕಿ ಹತ್ತಿದ ಸೈನಿಕರು ಉರೀತಾನೇ ಶತ್ರು ಮೇಲೆ ನುಗ್ಗುತ್ತಾರೆ. ಭರ್ಜರಿ ದುಡ್ಡು ಮಾಡ್ತು. ಕಣ್ಣು ತುಂಬುತ್ತೆ, ನಿಜ. ಆದರೆ ಉರಿದವರಲ್ಲಿ ಒಬ್ಬನ ಹೆಸರು ಹೇಳಿ ಅಂದರೆ ನನಗೆ ಬರೋದಿಲ್ಲ. ಅಲ್ಯೋಷಾ ಸೋಪು ಮರೆತಿಲ್ಲ.

ಹಾಗಂತ ಸೋವಿಯತ್‌ನದ್ದೆಲ್ಲ ಚಿನ್ನ ಅಂದ್ಕೋಬೇಡಿ. ಸ್ಟಾಲಿನ್ ಬದುಕಿದ್ದಾಗ ಬಂದ ‘ದಿ ಫಾಲ್ ಆಫ್ ಬರ್ಲಿನ್’ ಕೊನೆಯಲ್ಲಿ ಸ್ಟಾಲಿನ್ ಬಿಳಿ ಯೂನಿಫಾರ್ಮ್ ಹಾಕ್ಕೊಂಡು ಬರ್ಲಿನ್‌ನಲ್ಲಿ ವಿಮಾನದಿಂದ ಇಳೀತಾನೆ, ಜನ ಜೈಕಾರ ಹಾಕ್ತಾರೆ. ಆ ಜೈಕಾರ ನಡೆದೇ ಇರಲಿಲ್ಲ! ನಾನು ಹೇಳ್ತಿರೋ ಸಿನಿಮಾಗಳು 1953ರಲ್ಲಿ ಅವನು ಸತ್ತ ಮೇಲೆ ಬಂದವು. ಆಮೇಲೂ ಸೆನ್ಸಾರ್ ಕಾಟ ತಪ್ಪಲಿಲ್ಲ. ಎಲೆಮ್ ಕ್ಲಿಮೊವ್‌ಗೆ ‘ಕಮ್ ಅಂಡ್ ಸೀ’ ತೆಗೆಯೋಕೆ ವರ್ಷಗಟ್ಟಲೆ ಅಡ್ಡಿ ಮಾಡಿದರು. ಕೊನೆಗೆ ಬಂದದ್ದು 1985ರಲ್ಲಿ.

ಈ ಕ್ಲಿಮೊವ್ ಸ್ಟಾಲಿನ್‌ಗ್ರಾಡ್‌ನಲ್ಲೇ ಹುಟ್ಟಿದವನು. ಊರು ಹೊತ್ತಿ ಉರಿಯೋವಾಗ ತಾಯಿ ಜೊತೆ ವೋಲ್ಗಾ ದಾಟಿದ ಮಗು. ಜೊತೆಗೆ ಕೂತು ಚಿತ್ರಕಥೆ ಬರೆದ ಅದಮೊವಿಚ್ ಬೆಲಾರುಸ್‌ನವನು, ಹದಿಹರೆಯದಲ್ಲೇ ಕಾಡಿಗೆ ಹೋಗಿ ಗೆರಿಲ್ಲಾ ಆದವನು. ಅಲ್ಲಿ ಖತೀನ್ ಅಂತ ಹಳ್ಳಿ. 1943ರ ಮಾರ್ಚ್ 22ರಂದು ನಾಜಿಗಳು ಹಳ್ಳಿಯವರನ್ನ ಕೊಟ್ಟಿಗೆಗೆ ತುಂಬಿ ಬೆಂಕಿಯಿಟ್ಟರು. ಸತ್ತವರು 149, ಅದರಲ್ಲಿ 75 ಮಕ್ಕಳು. ಜನರ ಸಮೇತ ಸುಟ್ಟ ಇಂಥ ಹಳ್ಳಿಗಳು 628 ಅಂತ ಸಿನಿಮಾ ಕೊನೆಯಲ್ಲಿ ತೋರಿಸುತ್ತೆ. ಇದನ್ನೆಲ್ಲ ಫ್ಲ್ಯೋರಾ ಅನ್ನೋ ಹುಡುಗನ ಮುಖದಲ್ಲಿ ನೋಡ್ತೀವಿ. ಬಂದೂಕು ಸಿಕ್ಕಿತಲ್ಲ ಅಂತ ನಗ್ತಾ ಹೋದವನು ಮುದುಕನ ಮುಖ ಹೊತ್ತು ನಿಲ್ತಾನೆ. ಕೊನೆಗೆ ಕೆಸರಲ್ಲಿ ಬಿದ್ದ ಹಿಟ್ಲರ್ ಫೋಟೋಗೆ ಗುಂಡು ಹೊಡೀತಾನೆ. ಒಂದೊಂದು ಗುಂಡಿಗೂ ಹಳೇ ನ್ಯೂಸ್‌ರೀಲು ಹಿಂದೆ ಹಿಂದೆ ಓಡುತ್ತೆ. ಓಡಿ ಓಡಿ ತಾಯಿ ತೊಡೆ ಮೇಲಿನ ಮಗು ಹಿಟ್ಲರ್ ಹತ್ತಿರ ಬಂದಾಗ ಹುಡುಗನ ಕೈ ನಿಲ್ಲುತ್ತೆ. ಆ ಮಗುವಿಗೆ ಅವನು ಹೊಡೆಯೋದಿಲ್ಲ. ಈ ಸಿನಿಮಾ ಆದ ಮೇಲೆ ಕ್ಲಿಮೊವ್ ಇನ್ನೊಂದು ಸಿನಿಮಾ ತೆಗೆಯಲಿಲ್ಲ.

ಮೊನ್ನೆ ಕಂಟ್ರೋಲ್ ರೂಮಿನ ಹುಡುಗನಿಗೆ ಸೈರನ್ ಬೇಡ ಕಣೋ ಅಂದೆ. ‘ಟಿಆರ್‌ಪಿ ಸಾರ್’ ಅಂದ. ಅವನಿಗೂ ಈ ಪಟ್ಟಿ ಕೊಟ್ಟಿದ್ದೀನಿ.

ಮಾಸ್‌ಫಿಲ್ಮ್ ಸ್ಟುಡಿಯೋದವರು ತಮ್ಮ ಹಳೇ ಚಿತ್ರಗಳಲ್ಲಿ ಬಹಳಷ್ಟನ್ನ ಇಂಗ್ಲಿಷ್ ಸಬ್‌ಟೈಟಲ್ ಸಮೇತ ಯೂಟ್ಯೂಬ್‌ಗೆ ಹಾಕಿದ್ದಾರೆ. ‘ಕಮ್ ಅಂಡ್ ಸೀ’ ಮೊದಲೇ ಹಾಕ್ಕೋಬೇಡಿ, ಮಕ್ಕಳ ಮುಂದಂತೂ ಬೇಡವೇ ಬೇಡ. ಅಲ್ಯೋಷಾನಿಂದ ಶುರು ಮಾಡಿ. ಮನೇಲಿ ಅಮ್ಮ ಇದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಇಂಗ್ಲಿಷ್ ಬರೋದಿಲ್ಲ ಅಂದರೆ ಚಿಂತೆಯಿಲ್ಲ, ಆ ತಾಯಿ ಹೊಲದಿಂದ ಓಡಿ ಬರೋವಾಗ ಓದೋಕೆ ಏನೂ ಇರೋದಿಲ್ಲ.