ಬೋಲ್ಟು ಎಣಿಸಿ ಅಚ್ಚಿನ ಕುಲ ತಿಳಿ

ಹಳೆಯ ಅಮೆರಿಕನ್ ಕಾರಿನ ಹಿಂದಿನ ಆಕ್ಸಲ್ (ಅಚ್ಚು) ಯಾವ ಕುಲದ್ದೆಂದು ತಿಳಿಯಲು ಅದನ್ನು ಬಿಚ್ಚಬೇಕಾಗಿಲ್ಲ. ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಚಕ್ರಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಡಿಫರೆನ್ಶಿಯಲ್ ಹೌಸಿಂಗನ್ನು ನೋಡಿದರೆ ಮುಕ್ಕಾಲು ಉತ್ತರ ಸಿಕ್ಕಂತೆ. ಹಿಂಬದಿ ನುಣ್ಣಗಿದ್ದು, ಬೋಲ್ಟುಗಳ ಸುತ್ತು ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಮುಂಬದಿಯಲ್ಲಿದ್ದರೆ ಕ್ರೌನ್-ಪಿನಿಯನ್ ಜೋಡಿಯನ್ನು ಇಡಿಯಾಗಿ ಮುಂದಕ್ಕೆಳೆದು ತೆಗೆಯಬಹುದು. 1955ರಿಂದ 1964ರವರೆಗಿನ ಶೆವ್ರೊಲೆ ಕಾರುಗಳದೂ 1957ರಲ್ಲಿ ಬಂದ ಫೋರ್ಡ್ 9 ಇಂಚಿನ ಆಕ್ಸಲ್‌ನದೂ ಇದೇ ಕಟ್ಟು. (ಇಂಚಿನ ಲೆಕ್ಕ ಕ್ರೌನ್ ಚಕ್ರದ ಅಡ್ಡಳತೆಯದು.) ಹಿಂಬದಿಯಲ್ಲಿ ಮುಚ್ಚಳವಿದ್ದರೆ ಅದರ ಬೋಲ್ಟುಗಳನ್ನು ಎಣಿಸಬೇಕು. ಜನರಲ್ ಮೋಟಾರ್ಸ್‌ನ ‘ಟೆನ್ ಬೋಲ್ಟ್’, ‘ಟ್ವೆಲ್ವ್ ಬೋಲ್ಟ್’ ಹೆಸರುಗಳು ಹುಟ್ಟಿದ್ದೇ ಹೀಗೆ.

ಜನರಲ್ ಮೋಟಾರ್ಸ್ 1928ರಲ್ಲೇ ಬೊಂಬಾಯಿಯಲ್ಲಿ ಕಾರು ಜೋಡಿಸತೊಡಗಿತ್ತು. ಆದರೂ ಕರ್ನಾಟಕದ ಗ್ಯಾರೇಜುಗಳಿಗೆ ಹೆಚ್ಚು ಬಳಕೆಯಾದ ಅಮೆರಿಕನ್ ಅಚ್ಚು ಜೀಪಿನದು. ಮಹೀಂದ್ರ 1949ರಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಗೆ ಕೈಹಾಕಿದ ಮೇಲೆ ಮಲೆನಾಡಿನ ಕಾಫಿತೋಟದ ಏರು ಹತ್ತಲು ಅದಕ್ಕೆ ಸಾಟಿಯಿರಲಿಲ್ಲ.

ಜೀಪಿನ ಗುಟ್ಟು ಚಕ್ರದ ನಡುಮಧ್ಯದಲ್ಲಿದೆ. ಎರಡನೇ ಮಹಾಯುದ್ಧದ ವಿಲ್ಲಿಸ್ ಎಂಬಿ ಜೀಪಿನ ಹಿಂದಿನ ಹಬ್ಬಿನ ಮೇಲೆ ಆರು ಬೋಲ್ಟುಗಳು ವೃತ್ತವಾಗಿ ಕೂತಿರುತ್ತವೆ. ಇದು ಫುಲ್ ಫ್ಲೋಟಿಂಗ್: ಗಾಡಿಯ ಭಾರವನ್ನು ಹೌಸಿಂಗ್ ಹೊರುತ್ತದೆ, ಆಕ್ಸಲ್ ಶಾಫ್ಟಿಗೆ ತಿರುಗಿಸುವ ಕೆಲಸವಷ್ಟೆ. ಶಾಫ್ಟ್ ಮುರಿದರೂ ಚಕ್ರ ಕಳಚುವುದಿಲ್ಲ. ಆರು ಬೋಲ್ಟು ಬಿಚ್ಚಿ ತುಂಡನ್ನು ಹೊರಗೆಳೆದು, ಮುಂದಿನ ಚಕ್ರಗಳ ಬಲದಲ್ಲೇ ಮನೆ ಸೇರಬಹುದು. ಯುದ್ಧ ಮುಗಿದ ಮೇಲೆ ಬಂದ ಸಿಜೆ ಜೀಪುಗಳಲ್ಲಿ, ಮೊದಮೊದಲಿನವನ್ನು ಬಿಟ್ಟರೆ, ಆ ವೃತ್ತದ ಜಾಗದಲ್ಲಿ ಸ್ಪ್ಲಿಟ್ ಪಿನ್ನು ತೂರಿಸಿದ ಒಂದೇ ದೊಡ್ಡ ನಟ್ಟು. ಅದು ಸೆಮಿ ಫ್ಲೋಟಿಂಗ್: ಭಾರವೂ ಶಾಫ್ಟಿನ ಮೇಲೆಯೇ. ಮುರಿದರೆ ಚಕ್ರವೂ ಜೊತೆಗೇ ಹೊರಟೀತು. ಅಗ್ಗವಾಯಿತು, ಹಗುರಾಯಿತು, ಆ ಹಳೆಯ ಧೈರ್ಯ ಮಾತ್ರ ಹೋಯಿತು.

ಎಂಬಿಯಲ್ಲೂ ಆ ಕಾಲದ ಸಿಜೆಗಳಲ್ಲೂ ಡಿಫರೆನ್ಶಿಯಲ್ ಉಬ್ಬು ನಟ್ಟನಡುವೆ ಇರದೆ ಬಲಕ್ಕೆ ಸರಿದಿರುತ್ತದೆ, ಪ್ರೊಪೆಲ್ಲರ್ ಶಾಫ್ಟ್ ಹೊರಡುವುದು ಆ ಬದಿಯಿಂದಲೇ.

ಇನ್ನು ರೇಶಿಯೊ, ಅಂದರೆ ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತುತ್ತದೆ ಎಂಬ ಲೆಕ್ಕ. ಎಂಬಿ ಜೀಪಿನದು 4.88, ಸಿಜೆ-2ಎಯದು 5.38. ಪಿನಿಯನ್ನಿಗೆ ಎರಡರಲ್ಲೂ 8 ಹಲ್ಲು. ಕ್ರೌನಿಗೆ ಒಂದರಲ್ಲಿ 39, ಇನ್ನೊಂದರಲ್ಲಿ 43. ಈ ಎಣಿಕೆಯನ್ನು ಕೊರೆದ ಪುಟ್ಟ ತಗಡೊಂದನ್ನು ಈ ಜೀಪುಗಳ ಸ್ಪೈಸರ್ ಕಂಪನಿಯ ಆಕ್ಸಲ್‌ಗಳ ಮುಚ್ಚಳದ ಬೋಲ್ಟಿಗೆ ಸಿಕ್ಕಿಸಿರುತ್ತಾರೆ. ತಗಡು ಇಲ್ಲದಿದ್ದರೆ ಗೇರ್ ನ್ಯೂಟ್ರಲ್ಲಿಗೆ ತಂದು, ಒಂದು ಹಿಂದಿನ ಚಕ್ರಕ್ಕೆ ಜಾಕಿ ಕೊಟ್ಟು ಎತ್ತಿ, ಇನ್ನೊಂದಕ್ಕೆ ಕಲ್ಲು ಕೊಟ್ಟು, ಪ್ರೊಪೆಲ್ಲರ್ ಶಾಫ್ಟಿಗೆ ಸೀಮೆಸುಣ್ಣದ ಗೆರೆ ಎಳೆಯಬೇಕು. ಎತ್ತಿದ ಚಕ್ರವನ್ನು ಎರಡು ಸುತ್ತು ತಿರುಗಿಸಿದಾಗ ಶಾಫ್ಟ್ ಐದಕ್ಕೆ ಚೂರು ಕಮ್ಮಿ ಸುತ್ತಿದರೆ ಎಂಬಿ, ಐದೂಕಾಲು ದಾಟಿದರೆ ಸಿಜೆ. ಒಂದು ಚಕ್ರ ನಿಂತಿರುವಾಗ ಡಿಫರೆನ್ಶಿಯಲ್ ಅರ್ಧವನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದರಿಂದ ಎರಡು ಸುತ್ತು ಬೇಕು.

ಬೆಂಗಳೂರಿನ ರಾಜಾಜಿನಗರ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಗೆ ಮುರಿದ ಶಾಫ್ಟ್ ಹೊತ್ತು ಹೋಗುವವರು ಇಷ್ಟನ್ನು ತಿಳಿದು ಹೋದರೆ ಒಳಿತು. ಎಣಿಸಿ ನೋಡುವ ಹುಮ್ಮಸ್ಸಿದ್ದವರು ಕೆಂಗೇರಿ ದಾಟಿ ಮೈಸೂರು ರಸ್ತೆ ಹಿಡಿದರೆ ಶ್ರೀರಂಗಪಟ್ಟಣದ ಬಳಿ ‘ಪಯಣ’ ವಾಹನ ಸಂಗ್ರಹಾಲಯ ಸಿಗುತ್ತದೆ. ಅಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕಾಪಿಟ್ಟ ಹಳೆಯ ಗಾಡಿಗಳಿವೆ. ಕ್ರೋಮಿನ ಹೊಳಪಿಗೆ ಕಣ್ಣು ಸೋತು ನಿಲ್ಲುವವರ ನಡುವೆ, ಬಗ್ಗಿ ಹಿಂದಿನ ಅಚ್ಚಿನ ಬೋಲ್ಟು ಎಣಿಸುವವರು ಅಪರೂಪ.