ಟೋಪಿಗೆ ಕೂಪನ್ ಬೇಡ

ಈ ಟೋಪಿ ನೋಡಿ. 1941ರ ಬ್ರಿಟನ್‌ನಲ್ಲಿ ಇದಕ್ಕೆ ಕಾಸಿದ್ದರೆ ಸಾಕಿತ್ತು. ಉಣ್ಣೆಯ ಉಡುಪಿಗೋ, ಕಾಸಿನ ಜೊತೆ 11 ಕೂಪನ್ ಕೊಡಬೇಕು!

ಎರಡನೇ ಮಹಾಯುದ್ಧದ ಕಾಲ. ಜೂನ್ 1ರಿಂದ ಬಟ್ಟೆಗೂ ರೇಷನ್. ಒಬ್ಬರಿಗೆ ವರ್ಷಕ್ಕೆ 66 ಕೂಪನ್. ಟೋಪಿ ಮಾತ್ರ ಆ ಲೆಕ್ಕದಿಂದ ಹೊರಗೆ. ಹಳೇ ಕೋಟಿನ ಮೇಲೊಂದು ಹೊಸ ಟೋಪಿ ಇಟ್ಟರೆ ಋತು ಬದಲಾದಂತೆ! ತೆರಿಗೆಯಿಂದ ಅದೂ ದುಬಾರಿ ಅನ್ನಿಸಿದವರು ತಲೆವಸ್ತ್ರವನ್ನೇ ಪೇಟದ ಹಾಗೆ ಸುತ್ತಿಕೊಂಡರು. ಕಾರ್ಖಾನೆಯಲ್ಲಿ ಕೂದಲು ಯಂತ್ರಕ್ಕೆ ಸಿಗದಂತೆ ಕಾಪಾಡಿದ್ದೂ ಅದೇ.

ಆದರೆ ಮಕ್ಕಳು ಬೆಳೀತಾರಲ್ಲ, ಕೂಪನ್ ಪುಸ್ತಕ ಬೆಳೆಯುತ್ತಾ? ಅಮ್ಮಂದಿರು ಮಡಿಕೆಯ ಹೊಲಿಗೆ ಬಿಚ್ಚಿ ಲಂಗ ಉದ್ದ ಮಾಡಿದರು. ಹಳೇ ಸ್ವೆಟರ್ ಬಿಚ್ಚಿ, ಅದೇ ಉಣ್ಣೆಯಲ್ಲಿ ಮತ್ತೆ ಹೆಣೆದರು. ಚಿಕ್ಕದಾದ ಬಟ್ಟೆ, ಬೂಟು ಕೊಟ್ಟು ದೊಡ್ಡದು ಪಡೆಯುವ ವಿನಿಮಯ ಕೇಂದ್ರಗಳನ್ನು ಸ್ವಯಂಸೇವಕಿಯರು ನಡೆಸಿದರು. ನನಗೆ ತುಂಬಾ ಇಷ್ಟವಾದ ವ್ಯವಸ್ಥೆ ಇದು.

ಶಾಲೆಗೆ ಹೊರಟ ಮಗುವಿನ ಹೆಗಲಲ್ಲಿ ಇನ್ನೊಂದು ವಸ್ತು: ದಾರ ಕಟ್ಟಿದ ರಟ್ಟಿನ ಡಬ್ಬಿ. ಒಳಗೆ ವಿಷಾನಿಲದಿಂದ ಕಾಯುವ ಮುಖವಾಡ. ಡಬ್ಬಿ ನೆನೆಯದಿರಲು ಅಂಗಡಿಗಳಲ್ಲಿ ಹೊದಿಕೆ ಚೀಲ ಮಾರಾಟಕ್ಕೆ ಬಂದವು. ಪುಟಾಣಿಗಳ ಮುಖವಾಡಕ್ಕೆ ಕೆಂಪು ಬಣ್ಣ. ಅವರು ಹೆದರದಿರಲಿ ಎಂದು ಅದಕ್ಕಿಟ್ಟ ಹೆಸರು, ಮಿಕ್ಕಿ ಮೌಸ್.