ಹಿಂದಿನ ಸೀಟಿನವರ ತಲೆ ಆಡಬಾರದು

ನಮ್ಮ ಕಡೆಯ ಕನ್ನಡ ಮನೆಗಳಲ್ಲಿ ಕಾರು ಎಂಬುದು ಕೇವಲ ಮದುವೆ, ಮುಂಜಿ, ಜಾತ್ರೆಗಳಿಗೆ ಹೋಗುವ ಸಾಧನವಲ್ಲ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಮೊದಲು ಬರುವ ಮಾತು "ಮಂಗಳೂರಿಗೆ ಕೊಂಡುಹೋಗುವ" ಎಂಬುದೇ. ಕಾಸರಗೋಡಿನಿಂದ ಸುಮಾರು 50 ಕಿ.ಮೀ. ದಾರಿ. ಹೆರಿಗೆಗೆ ಹೊರಟ ಮಗಳು, ಡಯಾಲಿಸಿಸ್‌ಗೆ ಹೋಗುವ ಮಾವ, ಎಲುಬು ಮುರಿದುಕೊಂಡ ಅಜ್ಜಿ, ಎಲ್ಲರೂ ಈ ದಾರಿಯಲ್ಲೇ ಹೋಗಿ ಬಂದವರು. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಕಾರಣದಿಂದ ತಲಪಾಡಿಯ ಗಡಿಯನ್ನು ಮಣ್ಣು ಹಾಕಿ ಮುಚ್ಚಿದಾಗ ಈ ದಾರಿಯ ಬೆಲೆ ಎಷ್ಟೆಂಬುದು ನಮಗೆಲ್ಲ ಚೆನ್ನಾಗಿ ಮನವರಿಕೆಯಾಯಿತು.

ಈಗ ದಾರಿ ತೆರೆದಿದೆ, ಅಗಲವೂ ಆಗಿದೆ. ಹಿಂದೆ 17 ಎಂದು ಕರೆಯುತ್ತಿದ್ದ, ಈಗ 66 ಎನಿಸಿಕೊಂಡ ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿಗಳು ವೇಗವಾಗಿ ಹೋಗುತ್ತವೆ. ಆದರೆ ಹೆದ್ದಾರಿಯಿಂದ ಇಳಿದು ಕುಂಬಳೆ, ಉಪ್ಪಳ, ಹೊಸಂಗಡಿಯ ಸರ್ವಿಸ್ ರಸ್ತೆಗೆ ಸೇರಿದರೆ ಶಾಲೆ ಬಿಡುವ ಹೊತ್ತಿಗೆ ಸಾಲೋ ಸಾಲು. ಗಡಿ ದಾಟಿದ ಬಳಿಕ ತೊಕ್ಕೊಟ್ಟು, ನೇತ್ರಾವತಿ ಸೇತುವೆ, ಪಂಪ್‌ವೆಲ್. ಮಳೆಗಾಲದ ಸಂಜೆಯಾದರೆ ಕೇಳುವುದೇ ಬೇಡ. ರೋಗಿಗೆ ನೋವು ತರುವುದು ದಾರಿಯ ದೂರಕ್ಕಿಂತಲೂ ಈ ಆಮೆ ನಡಿಗೆಯ ಸಾಲಿನಲ್ಲಿ ಕಾರು ತಿನ್ನುವ ಜಗ್ಗು ಎಂದರೆ ತಪ್ಪಾಗಲಾರದು. ಆ ಜಗ್ಗಿನ ಕಾರಣ ಮಾರ್ಗವೂ ಅಲ್ಲ, ಕಾರೂ ಅಲ್ಲ, ಓಡಿಸುವವರ ಎಡಗಾಲು.

ಇದನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಸೊಂಟದ ಶಸ್ತ್ರಚಿಕಿತ್ಸೆಯಾದ ತಾಯಿಯವರನ್ನು ಮಂಗಳೂರಿನಿಂದ ಮನೆಗೆ ಕರೆತರುತ್ತಿದ್ದೆ. ಸೇತುವೆಗೆ ಮುಂಚೆಯೇ ಸಾಲು ನಿಂತಿತ್ತು. ಮುಂದಿನ ಗಾಡಿ ಹತ್ತಡಿ ಸರಿದರೆ ನಾನೂ ಹತ್ತಡಿ ಹಾರಿಸುವುದು, ಮತ್ತೆ ಬ್ರೇಕು ತುಳಿಯುವುದು. ಹೀಗೆ ಮುಕ್ಕಾಲು ಗಂಟೆ. ಒಂದು ಸಣ್ಣ ಚಡಾವಿನಲ್ಲಿ ಎಂಜಿನು ನಿಂತೇ ಹೋಯಿತು. ಕಾರು ಒಂದು ಗೇಣು ಹಿಂದಕ್ಕೆ ಜಾರಿತು. ಹಿಂದಿನವರ ಹಾರ್ನು ಮೊಳಗಿತು. ತಾಯಿ ತುಟಿ ಪಿಟಕ್ಕೆನ್ನಲಿಲ್ಲ. ಮನೆಗೆ ತಲುಪಿದ ಮೇಲೆ, "ಆಸ್ಪತ್ರೆಯಲ್ಲಿ ಇಷ್ಟು ನೋಯಲಿಲ್ಲ ಮಗಾ" ಎಂದರು. ನನ್ನ ಲೈಸನ್ಸಿಗೆ ಆಗ ಇಪ್ಪತ್ತು ವರ್ಷ ಕಳೆದಿತ್ತು.

ಮರುವಾರವೇ ನೆರೆಯ ಹಿರಿಯ ಟ್ಯಾಕ್ಸಿ ಚಾಲಕರೊಬ್ಬರಲ್ಲಿ ನಾಚಿಕೆ ಬಿಟ್ಟು ಕೇಳಿದೆ. ಅವರು ದಶಕಗಳ ಕಾಲ ಅಂಬಾಸಿಡರ್ ಓಡಿಸಿದವರು. ಹಿಂದಿನ ಹಲವು ಕಾರುಗಳಲ್ಲಿ ಮೊದಲ ಗೇರಿಗೆ ಸಿಂಕ್ರೋಮೆಷ್ ಎಂಬ ಅನುಕೂಲವಿರಲಿಲ್ಲ. ಕಾಲಿನ ಅಂದಾಜು ತಪ್ಪಿದರೆ ಗೇರುಪೆಟ್ಟಿಗೆಯೇ ಕರಕರ ಕೂಗಿ ಛೀಮಾರಿ ಹಾಕುತ್ತಿತ್ತು. ಆ ಕಾಲದವರ ಪಾದಕ್ಕೆ ಸೂಕ್ಷ್ಮ ಬಂದದ್ದು ಹಾಗೆ. ಅವರು ನನ್ನ ಪಕ್ಕದಲ್ಲಿ ಕುಳಿತು ಹೇಳಿದ್ದು ಇಷ್ಟೇ: "ಕನ್ನಡಿಯಲ್ಲಿ ಹಿಂದಿನ ಗಾಡಿ ನೋಡುವಾಗ ಹಿಂದೆ ಕೂತವರ ತಲೆಯೂ ಕಾಣುತ್ತದೆ. ತಲೆ ಹಿಂದಕ್ಕೆ ಹೋದರೆ ನಿಮ್ಮ ಕ್ಲಚ್ಚಿನ ತಪ್ಪು. ಮುಂದಕ್ಕೆ ಬಾಗಿದರೆ ಬ್ರೇಕಿನ ತಪ್ಪು." ಉಳಿದುದೆಲ್ಲ ಈ ಮಾತಿನ ವಿವರಣೆ ಮಾತ್ರ.

ಕ್ಲಚ್ಚಿನ ಗುಟ್ಟು

ಕಾರು ನಿಂತಿದ್ದರೂ ಎಂಜಿನು ನಿಮಿಷಕ್ಕೆ 700ರಿಂದ 900 ಸುತ್ತು ತಿರುಗುತ್ತಲೇ ಇರುತ್ತದೆ. ಚಕ್ರವಾದರೋ ನಿಂತಿದೆ. ಇವೆರಡನ್ನು ಒಮ್ಮೆಲೇ ಜೋಡಿಸಿದರೆ ಒಂದೋ ಕಾರು ಹಾರುತ್ತದೆ, ಇಲ್ಲವೇ ಎಂಜಿನು ಬಂದ್ ಬೀಳುತ್ತದೆ. ನಡುವೆ ನಿಂತು ರಾಜಿ ಮಾಡಿಸುವುದು ಕ್ಲಚ್. ಎಂಜಿನಿನ ಫ್ಲೈವೀಲಿಗೂ ಪ್ರೆಷರ್ ಪ್ಲೇಟಿಗೂ ನಡುವೆ ಒಂದು ಉರುಟು ತಟ್ಟೆ ಇದೆ. ಪೆಡಲು ಮೆಟ್ಟಿದಾಗ ಆ ತಟ್ಟೆಯ ಹಿಡಿತ ಬಿಡುತ್ತದೆ. ಪೆಡಲು ಬಿಟ್ಟಾಗ ಸ್ಪ್ರಿಂಗಿನ ಬಲದಿಂದ ಪುನಃ ಹಿಡಿಯುತ್ತದೆ. ಹಿಡಿಯಲು ಸುರುವಾಗುವ ಒಂದು ಬಿಂದು ಇದೆ. ಅಲ್ಲಿ ಎಂಜಿನಿನ ಸ್ವರ ತುಸು ತಗ್ಗುತ್ತದೆ, ಬಾನೆಟ್ ಸ್ವಲ್ಪ ಎದ್ದಂತಾಗುತ್ತದೆ.

ಆ ಬಿಂದುವಿನ ತನಕ ಪೆಡಲನ್ನು ಬೇಗನೆ ಬಿಡಬಹುದು. ಅಲ್ಲಿ ಮಾತ್ರ ಕಾಲು ಎರಡು ಕ್ಷಣ ನಿಲ್ಲಬೇಕು. ಕಾರು ಒಂದು ಮಾರು ಸರಿದ ಬಳಿಕ ಉಳಿದುದನ್ನು ಮೆಲ್ಲನೆ ಬಿಟ್ಟು ಕಾಲನ್ನು ಪೂರ್ತಿ ತೆಗೆಯಬೇಕು. ಹೆಚ್ಚಿನವರ ತಪ್ಪು ಆ ಎರಡು ಕ್ಷಣದಲ್ಲೇ ಇದೆ. ರಜಾದಿನ ಒಂದು ಸಮತಟ್ಟು ಮೈದಾನಕ್ಕೆ ಹೋಗಿ, ಆಕ್ಸಿಲರೇಟರ್ ಮುಟ್ಟದೆ, ಬರಿಯ ಕ್ಲಚ್ಚಿನಿಂದಲೇ ಕಾರನ್ನು ಹೊರಡಿಸಿ ನಿಲ್ಲಿಸುವ ಅಭ್ಯಾಸ ಮಾಡಿದರೆ ಅರ್ಧ ಗಂಟೆಯಲ್ಲಿ ಪಾದಕ್ಕೆ ಅದರ ಗುರುತು ಹತ್ತುತ್ತದೆ.

ಇನ್ನು ಕೆಲವರು ಜಗ್ಗು ತಪ್ಪಿಸಲೆಂದು ಸಾಲಿನುದ್ದಕ್ಕೂ ಅರ್ಧ ಕ್ಲಚ್ಚಿನಲ್ಲೇ ಸಾಗುತ್ತಾರೆ. ಪ್ರಯಾಣಿಕರಿಗೆ ಸುಖವೇನೋ ಸರಿ, ಆದರೆ ತಟ್ಟೆ ಉಜ್ಜಿ ಉಜ್ಜಿ ಬಿಸಿಯಾಗುತ್ತದೆ. ಸುಟ್ಟ ವಾಸನೆ ಬಂದರೆ ಅದು ಎಚ್ಚರಿಕೆ. ಆಕ್ಸಿಲರೇಟರ್ ಕೊಟ್ಟಾಗ ಎಂಜಿನಿನ ಕೂಗು ಏರಿದರೂ ವೇಗ ಏರದಿದ್ದರೆ ತಟ್ಟೆ ಸವೆದಿದೆ ಎಂದೇ ತಿಳಿಯಬೇಕು. ಸಾಲು ಅರ್ಧ ನಿಮಿಷ ನಿಲ್ಲುವಂತಿದ್ದರೆ ನ್ಯೂಟ್ರಲಿಗೆ ತಂದು ಹ್ಯಾಂಡ್‌ಬ್ರೇಕು ಎಳೆದು ಎರಡೂ ಕಾಲುಗಳಿಗೆ ವಿಶ್ರಾಂತಿ ಕೊಡತಕ್ಕದ್ದು.

ಮುಂದೆ ಜಾಗ ಬಿಡಿ

ಸಾಲಿನಲ್ಲಿ ಸುಖವಾಗಿ ಸಾಗುವ ಉಪಾಯ ಮುಂದಿನ ಗಾಡಿಯ ಬಾಲ ಹಿಡಿಯದೇ ಇರುವುದು. ನಿಂತಾಗ ಅದರ ಹಿಂದಿನ ಟೈರು ಮಾರ್ಗ ಮುಟ್ಟುವ ಜಾಗ ನಿಮಗೆ ಕಾಣುತ್ತಿರಬೇಕು. ಅದು ಸರಿದ ಕೂಡಲೇ ಹಾರಬಾರದು. ಒಂದೆರಡು ಕಾರಿನಷ್ಟು ಜಾಗ ತೆರೆಯಲಿ. ಆಮೇಲೆ ಮೊದಲ ಗೇರಿನಲ್ಲಿ, ಕ್ಲಚ್ಚನ್ನು ಪೂರ್ತಿ ಬಿಟ್ಟು, ಆಕ್ಸಿಲರೇಟರ್ ಇಲ್ಲದೆಯೇ ಹೋಗಲಿ. ಸಮತಟ್ಟು ಮಾರ್ಗದಲ್ಲಿ ಕಾರು ತಾನಾಗಿ ಮನುಷ್ಯನ ಬಿರುಸಿನ ನಡಿಗೆಯಷ್ಟು ವೇಗದಲ್ಲಿ ಸಾಗುತ್ತದೆ. ಸಾಲು ಸ್ವಲ್ಪ ಬಿಡಿಸಿಕೊಂಡು ಗಂಟೆಗೆ 15 ಕಿ.ಮೀ. ದಾಟಿದರೆ ಎರಡನೇ ಗೇರು. ಮುಂದಿನವರ ಕೆಂಪು ದೀಪಕ್ಕಿಂತ ಅವರಾಚೆಯ ಮೂರನೇ ಗಾಡಿಯ ದೀಪದ ಮೇಲೆ ಕಣ್ಣಿಟ್ಟರೆ ಬ್ರೇಕಿನ ಕೆಲಸವೂ ಕಡಿಮೆ. ಹತ್ತು ಸಲ ನಿಂತು ಹೊರಡುವ ಕಡೆ ಎರಡು ಸಲ ಸಾಕಾಗುತ್ತದೆ.

ಜಪಾನಿನ ಸಂಶೋಧಕರು ಇದರ ಬಗ್ಗೆ ಒಂದು ಪ್ರಯೋಗ ಮಾಡಿ 2008ರಲ್ಲಿ ಪ್ರಕಟಿಸಿದರು. 230 ಮೀಟರ್ ಸುತ್ತಳತೆಯ ಚಕ್ರಾಕಾರದ ದಾರಿಯಲ್ಲಿ 22 ಕಾರುಗಳು. ಎಲ್ಲರೂ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗಬೇಕೆಂಬ ಸೂಚನೆ. ಅಲ್ಲಿ ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ದನ ಅಡ್ಡ ಬರಲಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲಿ ಕೆಲವು ಕಾರುಗಳು ನಿಲ್ಲಬೇಕಾಗಿ ಬಂತು. ಆ ತಡೆ ಅಲೆಯಂತೆ ಹಿಂದಕ್ಕೆ ಹಿಂದಕ್ಕೆ ಸಾಗಿತು. ಒಬ್ಬನ ಸಣ್ಣ ಹೆಚ್ಚುಕಡಿಮೆ ಅವನ ಹಿಂದಿನವರೆಲ್ಲರಿಗೆ ದೊಡ್ಡ ಬ್ರೇಕಾಗುತ್ತದೆ ಎಂದಾಯಿತು. ಜಾಗ ಬಿಟ್ಟು ಹೋಗುವವರು ಆ ಅಲೆಯನ್ನು ತಮ್ಮಲ್ಲಿಗೆ ತಗ್ಗಿಸುತ್ತಾರೆ. ಬಿಟ್ಟ ಜಾಗಕ್ಕೆ ಬೈಕೋ ಆಟೋರಿಕ್ಷಾವೋ ನುಗ್ಗಿಯೇ ನುಗ್ಗುತ್ತದೆ. ನುಗ್ಗಲಿ. ಅದರಿಂದ ಆಗುವ ನಷ್ಟ ಕೆಲವು ಸೆಕೆಂಡು ಮಾತ್ರ.

ಚಡಾವಿನಲ್ಲಿ ಕೈ ಮುಖ್ಯ

ನಮ್ಮದು ಗುಡ್ಡೆಗಳ ಊರು. ತೆಕ್ಕಿಲಿನಿಂದ ಚಟ್ಟಂಚಾಲಿನತ್ತ ಏರುವಾಗ ಸಾಲು ನಿಂತರೆ ಹಲವರಿಗೆ ಎದೆ ಢವಗುಟ್ಟುತ್ತದೆ. ಕ್ಲಚ್ಚಿನ ಬಲದಲ್ಲೇ ಕಾರನ್ನು ತಡೆದು ನಿಲ್ಲಿಸುವವರು ಹಣ ಸುಡುತ್ತಾರೆ. ಹ್ಯಾಂಡ್‌ಬ್ರೇಕು ಎಳೆಯಿರಿ. ಹೊರಡುವಾಗ ಮೊದಲ ಗೇರು ಹಾಕಿ, ತುಸು ಆಕ್ಸಿಲರೇಟರ್ ಕೊಟ್ಟು, ಪೆಡಲನ್ನು ಆ ಬಿಂದುವಿಗೆ ತನ್ನಿ. ಬಾನೆಟ್ ಎದ್ದು ಕಾರು ಮುಂದಕ್ಕೆ ತವಕಿಸಿದಾಗ ಹ್ಯಾಂಡ್‌ಬ್ರೇಕು ಬಿಡಿ. ಕಾರು ಒಂದು ಅಂಗುಲವೂ ಹಿಂದೆ ಬರುವುದಿಲ್ಲ. 2024ರಲ್ಲಿ ಕೇರಳದ ಮೋಟಾರು ವಾಹನ ಇಲಾಖೆ ಲೈಸನ್ಸು ಪರೀಕ್ಷೆಯ ಹೊಸ ಕ್ರಮವನ್ನು ಪ್ರಕಟಿಸಿದಾಗ ಅದರಲ್ಲಿ ಏರಿನ ಪರೀಕ್ಷೆಯೂ ಸೇರಿತ್ತು. ಡ್ರೈವಿಂಗ್ ಶಾಲೆಗಳವರು ಪ್ರತಿಭಟಿಸಿದ್ದೂ ನಮಗೆ ನೆನಪಿದೆ. ಇತರ ಅಂಶಗಳ ಬಗ್ಗೆ ವಾದವೇನೇ ಇರಲಿ, ಏರಿನಲ್ಲಿ ನಿಂತು ಹೊರಡಲು ಬಾರದವನು ನಮ್ಮ ಊರಿಗೆ ಚಾಲಕನಲ್ಲ.

ಕೊನೆಗೆ ಬ್ರೇಕು. ನಿಲ್ಲಿಸುವಾಗ ಮೊದಲು ಮೆಲ್ಲನೆ, ಆಮೇಲೆ ಬೇಕಾದಷ್ಟು ಒತ್ತಬೇಕು; ಪೂರ್ತಿ ನಿಲ್ಲುವ ಮುನ್ನ ಕೊನೆಯ ಮೊಳದಷ್ಟು ದೂರದಲ್ಲಿ ಒತ್ತಡವನ್ನು ಸಡಿಲಿಸಬೇಕು. ಆಗ ಕಾರು ನಿಂತದ್ದೇ ಗೊತ್ತಾಗುವುದಿಲ್ಲ.

ಕ್ಲಚ್ಚೇ ಇಲ್ಲದ ಕಾರುಗಳು ಈಗ ಬಂದಿವೆಯಲ್ಲ ಎಂದು ಕೇಳುವವರಿದ್ದಾರೆ. ಬಂದಿವೆ, ಆದರೆ ನಮ್ಮ ಅಂಗಳಗಳಲ್ಲಿ ನಿಂತಿರುವ ಹಲವು ಕಾರುಗಳಿಗೆ ಇನ್ನೂ ಮೂರು ಪೆಡಲುಗಳಿವೆ. ಮಗ ಗಲ್ಫಿನಲ್ಲಿದ್ದು, ಅತ್ತೆಯನ್ನು ಆಸ್ಪತ್ರೆಗೆ ಕೊಂಡುಹೋಗುವ ಭಾರ ಸೊಸೆಯ ಮೇಲಿರುವ ಮನೆಗಳು ಎಷ್ಟಿಲ್ಲ? ಅವರೆಲ್ಲ ಒಂದು ಆದಿತ್ಯವಾರ ಇದಕ್ಕಾಗಿ ಮೀಸಲಿಟ್ಟರೆ ನಷ್ಟವಿಲ್ಲ.

ಎರಡು ತಿಂಗಳ ಬಳಿಕ ತಾಯಿಯವರನ್ನು ಪುನಃ ತಪಾಸಣೆಗೆ ಕರೆದೊಯ್ದೆ. ಅದೇ ಕಾರು, ತೊಕ್ಕೊಟ್ಟಿನಿಂದಲೇ ಅದೇ ಸಾಲು. ಕನ್ನಡಿಯಲ್ಲಿ ನೋಡಿದರೆ ಅವರು ಸೀಟಿಗೆ ಒರಗಿ ನಿದ್ದೆ ಹೋಗಿದ್ದರು. ಪಂಪ್‌ವೆಲ್ಲಿನಲ್ಲಿ ಎಚ್ಚರವಾಗಿ, "ಸಂಕ ಬಂತಾ?" ಎಂದು ಕೇಳಿದರು. ಸಂಕ ದಾಟಿ ಇಪ್ಪತ್ತು ನಿಮಿಷ ಕಳೆದಿತ್ತು.